ದೀಪ ಸುಲಭ, ತೂತು ಕಷ್ಟ: ಮೋಟರ್‌ಹೋಮ್‌ಗೆ ಆನಿಂಗ್ ಲೈಟ್ ಕೂರಿಸುವಾಗ

ಮನೆಯಂತೆ ಬಳಸುವ ಗಾಡಿಯಾದ ಮೋಟರ್‌ಹೋಮ್‌ನ ಬಾಗಿಲ ಪಕ್ಕ, ನೆರಳಿಗೆಂದು ಹೊರಕ್ಕೆ ಚಾಚುವ ಆನಿಂಗ್ ಬಟ್ಟೆಯ ಅಡಿಗೆ ಒಂದು ದೀಪ ಬೇಕು ಎನ್ನುವವರು ಕೇಳುವುದೆಲ್ಲ ಕರೆಂಟಿನ ಪ್ರಶ್ನೆಗಳೇ: ಎಷ್ಟು ವ್ಯಾಟ್, ಯಾವ ಫ್ಯೂಸ್, ಸ್ವಿಚ್ ಎಲ್ಲಿ? ಆ ಭಾಗ ನಿಜಕ್ಕೂ ಸಣ್ಣದು. ಫ್ಯೂಸ್ ಸರಿಯಾಗಿದ್ದರೆ, ವೈರಿಂಗ್ ತಪ್ಪಿದರೂ ಫ್ಯೂಸ್ ಹಾರಿ ಅಲ್ಲಿಗೆ ಮುಗಿಯುತ್ತದೆ. ಗೋಡೆಗೆ ಕೊರೆಯುವ 8 ಮಿ.ಮೀ. ತೂತು ಹಾಗಲ್ಲ. ಅದು ತಪ್ಪಿದರೆ ತಪ್ಪಿದ್ದು ಗೊತ್ತಾಗಲು ಎರಡು ಮಳೆಗಾಲ ಬೇಕಾಗಬಹುದು.

ಯುರೋಪಿನಲ್ಲಿ ಫಿಯಟ್ ಡುಕಾಟೊದಂಥ ಷಾಸಿಯ ಮೇಲೆ ಕಟ್ಟಿದ ಗಾಡಿಗಳ ಗೋಡೆ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ದಪ್ಪ. ಹೊರಮೈ ಅಲ್ಯುಮಿನಿಯಂ ಇಲ್ಲವೇ ಫೈಬರ್‌ಗ್ಲಾಸ್ ಹಾಳೆ, ನಡುವೆ ಪಾಲಿಸ್ಟೈರೀನ್ ಫೋಮ್, ಒಳಮೈ ತೆಳು ಪ್ಲೈವುಡ್. ಬಾಗಿಲು, ಕಿಟಕಿಗಳ ಸುತ್ತ ಅನೇಕ ಗಾಡಿಗಳಲ್ಲಿ ಮರದ ಪಟ್ಟಿಗಳಿರುತ್ತವೆ. ಎರಡೂ ಕಡೆ ಮುಚ್ಚಿರುವುದರಿಂದ ಒಳಗೆ ಇಳಿದ ನೀರಿಗೆ ಆರಿ ಹೋಗಲು ದಾರಿಯೇ ಇಲ್ಲ. ಮರ ಕೊಳೆಯುತ್ತದೆ, ಅಂಟು ಬಿಡುತ್ತದೆ. ಒಳಗಿನ ಹಾಳೆ ಉಬ್ಬಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಗೋಡೆ ಬಿಚ್ಚದೆ ವಿಧಿಯಿಲ್ಲ.

ಆದ್ದರಿಂದ ತೂತು ಬೇಕೇ ಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿ. ಹಳೆಯ ಬಲ್ಬಿನ ದೀಪ ಈಗಾಗಲೇ ಇದ್ದರೆ ಅದರ ಜಾಗಕ್ಕೇ, ಅದರ ತೂತನ್ನು ಪೂರ್ತಿ ಮುಚ್ಚುವಷ್ಟು ಅಗಲದ ಎಲ್‌ಇಡಿ ದೀಪ ಹುಡುಕಿ. ಫಿಯಾಮಾ ಎಫ್45, ಥೂಲೆ ಆಮ್ನಿಸ್ಟರ್‌ನಂಥ ಕ್ಯಾಸೆಟ್ ಆನಿಂಗ್ (ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುವಂಥದು) ಇದ್ದರೆ ಪೆಟ್ಟಿಗೆಯ ಅಡಿಗೇ ಎಲ್‌ಇಡಿ ಪಟ್ಟಿ ಅಂಟಿಸಬಹುದು. ವೈರನ್ನು ಮಾತ್ರ ಹೇಗಾದರೂ ಒಳಗೆ ತರಬೇಕು. ಸೋಲಾರ್ ಪ್ಯಾನೆಲ್‌ಗೆಂದು ಚಾವಣಿಯ ಮೇಲೆ ಕೇಬಲ್ ಬಾಕ್ಸ್ ಇದ್ದರೆ ಅದರಲ್ಲೇ ಇನ್ನೊಂದು ಗ್ಲ್ಯಾಂಡ್ (ನೀರು ಇಳಿಯದಂತೆ ವೈರನ್ನು ಬಿಗಿಹಿಡಿಯುವ ಬಿರಡೆ) ಸೇರಿಸುವುದು ಹೊಸ ತೂತಿಗಿಂತ ಸಾವಿರ ಪಾಲು ಮೇಲು. ಕಿಟಕಿಯ ರಬ್ಬರಿನ ಅಡಿ ವೈರ್ ತೂರಿಸುವ ಉಪಾಯವನ್ನು ಮರೆತುಬಿಡಿ. ರಬ್ಬರ್ ಎತ್ತಿದ ಜಾಗದಲ್ಲೇ ನೀರು ಬರುತ್ತದೆ. ಗಾಡಿ ಇನ್ನೂ ಸೋರಿಕೆಯ ವಾರಂಟಿಯಲ್ಲಿದ್ದರೆ ಡ್ರಿಲ್ ಮುಟ್ಟುವ ಮೊದಲು ಷರತ್ತು ಓದಿ. ಸ್ವಂತ ಕೈಯಿಂದ ಕೊರೆದ ತೂತು ವಾರಂಟಿಗೆ ಎಳ್ಳುನೀರು ಬಿಡಬಹುದು.

ತೂತು ಅನಿವಾರ್ಯವೇ? ಹಾಗಾದರೆ ಆನಿಂಗನ್ನು ಪೂರ್ತಿ ಹೊರಕ್ಕೆ ಚಾಚಿ, ಬಾಗಿಲನ್ನೂ ಹತ್ತಿರದ ಕಿಟಕಿಯನ್ನೂ ತೆರೆದಿಟ್ಟು ಜಾಗ ನೋಡಿ. ಆನಿಂಗಿನ ತೋಳು ಮಡಿಚುವಾಗ ತಾಗಬಾರದು, ಬಾಗಿಲಿನ ಅಂಚು ಬಡಿಯಬಾರದು. ಒಳಗಡೆ ಆ ಎತ್ತರದಲ್ಲಿ ಮೇಲ್ಕಪಾಟು ಇದ್ದರೆ ಅದೃಷ್ಟ: ತೂತು, ಜೋಡಣೆ, ವೈರ್ ಎಲ್ಲವೂ ಅದರೊಳಗೆ ಅಡಗುತ್ತವೆ, ಮುಂದೆ ತೇವ ನೋಡಲೂ ಅನುಕೂಲ. ಅದೇ ಕಪಾಟಿನ ಹಿಂದೆ 230 ವೋಲ್ಟ್ ಕೇಬಲ್ ಹಾದಿರಬಹುದು ಎಂಬುದೂ ನೆನಪಿರಲಿ. ಹೊರಗಿನಿಂದ 230 ವೋಲ್ಟ್ ತರುವ ಹುಕ್‌ಅಪ್ ಕೇಬಲ್ ಕಿತ್ತಿಡಿ, ಇನ್ವರ್ಟರ್ ಆರಿಸಿ. ಆಮೇಲೆ ಸೋಲಾರ್ ಪ್ಯಾನೆಲಿನ ವೈರ್ ಬಿಚ್ಚಿ, ನಂತರವೇ ಒಳಬಳಕೆಯ ಬ್ಯಾಟರಿಯ ವೈರ್ ಬಿಚ್ಚಬೇಕು. ಈ ಕ್ರಮ ತಲೆಕೆಳಗಾದರೆ ಬ್ಯಾಟರಿಯಿಲ್ಲದ ಸೋಲಾರ್ ರೆಗ್ಯುಲೇಟರ್ (ಚಾರ್ಜ್ ನಿಯಂತ್ರಕ) ಮೇಲೆ ಪ್ಯಾನೆಲಿನ ಪೂರ್ತಿ ವೋಲ್ಟೇಜ್ ಬಿದ್ದು ಅದು ಸುಡಬಹುದು.

ಕೊರೆಯುವಾಗ ಮೊದಲು ಒಳಗಿನಿಂದ 3 ಮಿ.ಮೀ. ಬಿಟ್‌ನಲ್ಲಿ ಗುರುತಿನ ತೂತು. ಅದು ಹೊರಗೆ ಬಂದ ಜಾಗ ಸರಿಯಿದೆ ಎಂದು ಖಾತ್ರಿಯಾದ ಮೇಲೆ, ಹೊರಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಹೊರಗಿನಿಂದ 8 ಮಿ.ಮೀ.ಗೆ ಹಿಗ್ಗಿಸಿ. ಫೈಬರ್‌ಗ್ಲಾಸ್ ಆದರೆ ಮೊದಲ ಕೆಲವು ಸುತ್ತು ಡ್ರಿಲ್ ಉಲ್ಟಾ ತಿರುಗಲಿ; ಮೇಲಿನ ಹೊಳಪು ಪದರ ಜೆಲ್‌ಕೋಟ್ ಚಕ್ಕೆ ಏಳುವುದಿಲ್ಲ. ತೂತು ಒಳಗಿನಿಂದ ಹೊರಗೆ ತುಸು ಇಳಿಜಾರಾಗಿರಬೇಕು. ನೀರು ತಡೆಯುವ ಅಂಟು, ಅಂದರೆ ಸೀಲಂಟ್, ಒಂದು ದಿನ ಸೋತರೂ ನೀರು ಹೊರಗೇ ಹರಿಯುತ್ತದೆ. ಡುಕಾಟೊ ವ್ಯಾನ್ ಅಥವಾ ನಮ್ಮಲ್ಲಿಯ ಫೋರ್ಸ್ ಟ್ರಾವೆಲರ್‌ನಂಥ ಉಕ್ಕಿನ ಮೈಯ ಗಾಡಿಯಾದರೆ ಲೋಹದ ಚೂರುಗಳನ್ನೆಲ್ಲ ಗುಡಿಸಿ ತೆಗೆದು, ಬರಿಮೈಯಾದ ಅಂಚಿಗೆ ತುಕ್ಕುನಿರೋಧಕ ಪ್ರೈಮರ್ ಹಚ್ಚಿ ಒಣಗಿಸಿ. ಒಳಗೆ ಉಳಿದ ಚೂರು ಮಲೆನಾಡಿನ ಒಂದೇ ಮಳೆಗಾಲಕ್ಕೆ ಕಂದು ಗೆರೆಯಾಗಿ ಇಳಿಯುತ್ತದೆ.

ಫೋಮ್ ಗೋಡೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ, ಬಹಳ ಮಂದಿಗೆ ಗೊತ್ತಿರುವುದಿಲ್ಲ. ಪಿವಿಸಿ ವೈರ್ ಪಾಲಿಸ್ಟೈರೀನ್‌ಗೆ ನೇರವಾಗಿ ತಾಗಿದ್ದರೆ ಪಿವಿಸಿಯನ್ನು ಮೆತ್ತಗಿಡುವ ರಾಸಾಯನಿಕ ನಿಧಾನವಾಗಿ ಫೋಮ್‌ಗೆ ಇಳಿಯುತ್ತದೆ. ಫೋಮ್ ಕರಗುತ್ತದೆ, ವೈರಿನ ಕವಚ ಬಿರುಸಾಗಿ ಸೀಳುತ್ತದೆ. ತೂತಿನೊಳಗೆ ಒಂದು ತುಂಡು ನೈಲಾನ್ ಅಥವಾ ಪಾಲಿಥಿನ್ ಕೊಳವೆ ತೂರಿಸಿ, ವೈರ್ ಅದರೊಳಗೆ ಹೋಗಲಿ.

ದೀಪದ ಆಯ್ಕೆಗೆ ಬರೋಣ. ದೂಳು, ನೀರು ತಡೆಯುವ ದರ್ಜೆ ಐಪಿ65ಕ್ಕಿಂತ ಕಡಿಮೆಯದು ಬೇಡ. ಮೇಲೆ ‘12 ವೋಲ್ಟ್’ ಎಂದು ಬರೆದಿದ್ದರೆ ಸಾಲದು, ‘10ರಿಂದ 30 ವೋಲ್ಟ್’ ಎಂದಿರಬೇಕು. ಚಾರ್ಜ್ ಆಗುವಾಗ ಗಾಡಿಯ ವೋಲ್ಟೇಜ್ 14.4ಕ್ಕೆ ಏರುತ್ತದೆ, ರೆಸಿಸ್ಟರ್ ಮಾತ್ರ ಇರುವ ಅಗ್ಗದ ಎಲ್‌ಇಡಿ ಪಟ್ಟಿ ಅದರಲ್ಲಿ ಬಿಸಿಯಾಗಿ ಬೇಗ ಮಂಕಾಗುತ್ತದೆ. ಬೆಳಕು ಬೆಚ್ಚಗಿನ ಹಳದಿ ಬಣ್ಣದ್ದಿರಲಿ, 2700 ಕೆಲ್ವಿನ್ ಆಸುಪಾಸು. ನೀಲಿ ಛಾಯೆಯ ಬಿಳಿ ಬೆಳಕಿಗೆ ಹುಳ ಹೆಚ್ಚು ಮುತ್ತುತ್ತವೆ, ದೀಪ ಇರುವುದು ಬಾಗಿಲ ಪಕ್ಕದಲ್ಲೇ. 5 ವ್ಯಾಟ್ ಧಾರಾಳ: ಸುಮಾರು 0.4 ಆಂಪಿಯರ್. ಐದು ಗಂಟೆ ಉರಿದರೂ ಬ್ಯಾಟರಿಯಿಂದ ಹೋಗುವುದು 2 ಆಂಪಿಯರ್-ಅವರ್. ಹಳೆಯ 21 ವ್ಯಾಟ್ ಬಲ್ಬು ಅಷ್ಟೇ ಹೊತ್ತಿಗೆ 9ರ ಹತ್ತಿರ ತಿನ್ನುತ್ತಿತ್ತು. ಚಲನೆ ಗುರುತಿಸುವ ಸೆನ್ಸರ್ ದೀಪ ಇಲ್ಲಿಗೆ ಒಗ್ಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಗಾಳಿಗೆ ಅಲ್ಲಾಡುವ ಆನಿಂಗ್ ಬಟ್ಟೆಗೇ ಅದು ಹೊತ್ತಿಕೊಳ್ಳುತ್ತದೆ, ಪಕ್ಕದ ಗಾಡಿಯವರಿಗೆ ರಾತ್ರಿಯೆಲ್ಲ ಮಿಂಚು.

ವೈರ್ 1 ಚದರ ಮಿ.ಮೀ. ಸಾಕು. ಎಂಟು ಮೀಟರ್ ದೂರಕ್ಕೂ, ಹೋಗಿಬರುವ ಎರಡೂ ಎಳೆ ಸೇರಿಸಿ, ಈ ದೀಪಕ್ಕೆ ಆಗುವ ವೋಲ್ಟೇಜ್ ನಷ್ಟ 0.12 ವೋಲ್ಟಿನಷ್ಟು. ಹತ್ತಿರದ ಒಳದೀಪದ ಸರ್ಕೀಟಿನಿಂದ ಕವಲು ತೆಗೆಯುವುದು ಸುಲಭ, ಅದರ ಫ್ಯೂಸ್‌ಗೆ ಈ ಹೊರೆ ಏನೂ ಅಲ್ಲ. ಆದರೆ ಗಾಡಿಗಳಲ್ಲಿ 12 ವೋಲ್ಟಿನ ವೈರ್ ಬಣ್ಣಗಳಿಗೆ ಏಕರೂಪವಿಲ್ಲ. ಬಣ್ಣ ನೋಡಿ ಧನ, ಋಣ ಊಹಿಸದೆ ಮಲ್ಟಿಮೀಟರ್ ಇಡಿ. ಉಲ್ಟಾ ಜೋಡಿಸಿದ ಎಲ್‌ಇಡಿ ಹೊತ್ತುವುದಿಲ್ಲ, ಕೆಲವು ಸತ್ತೇ ಹೋಗುತ್ತವೆ. ನೇರ ಬ್ಯಾಟರಿಯಿಂದ ತೆಗೆದರೆ 3 ಆಂಪಿಯರ್ ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಫ್ಯೂಸ್ ಕಾಯುವುದು ವೈರನ್ನು. ದೀಪದ ಹತ್ತಿರ ಹಾಕಿದರೆ ನಡುವಿನ ಅಷ್ಟುದ್ದ ವೈರಿಗೆ ದಿಕ್ಕಿಲ್ಲ. ಜೋಡಣೆಗೆ ಕ್ರಿಂಪ್ ಅಥವಾ ಲಿವರ್ ಕನೆಕ್ಟರ್ ಬಳಸಿ. ವೈರನ್ನು ಸೀಳಿ ಕಚ್ಚುವ ನೀಲಿ ಕ್ಲಿಪ್ ಅಲುಗಾಟಕ್ಕೆ ಸಡಿಲಾಗಿ ದೀಪ ಮಿಣುಕಲು ಶುರುವಾಗುತ್ತದೆ.

ಈ ದೀಪ ಉರಿಯುತ್ತಲೇ ರಸ್ತೆಗಿಳಿಯುವವರು ಕಡಿಮೆಯಿಲ್ಲ. ಗಾಡಿ ಓಡುವಾಗ ಅದು ಆರಿರಲೇಬೇಕು, ಬೇರೆ ಚಾಲಕರ ಕಣ್ಣಿಗೆ ಅದು ಗೊಂದಲ. ಐದು ಕಾಲಿನ ಸಾಧಾರಣ ರಿಲೇ (ಕರೆಂಟಿನಿಂದಲೇ ನಡೆಯುವ ಸ್ವಿಚ್; ಕಾಲುಗಳಿಗೆ ಸಂಖ್ಯೆಗಳಿರುತ್ತವೆ) ಒಂದು ಸಾಕು: ಬ್ಯಾಟರಿಯಿಂದ ಬಂದ ಧನ ವೈರ್ 30ಕ್ಕೆ, ದೀಪಕ್ಕೆ ಹೋಗುವುದು 87ಎಗೆ, ಎಂಜಿನ್ ಓಡುವಾಗ ಬರುವ ಡಿ+ ಸಿಗ್ನಲ್ 86ಕ್ಕೆ, 85 ನೆಲಕ್ಕೆ. ಎಂಜಿನ್ ಶುರುವಾದೊಡನೆ ರಿಲೇ ಎಳೆದು ದೀಪ ಆರುತ್ತದೆ. ನಿಂತಾಗ ಕಾಯಿಲ್‌ನಲ್ಲಿ ಕರೆಂಟೇ ಇಲ್ಲ, ಬ್ಯಾಟರಿಗೂ ನಷ್ಟವಿಲ್ಲ. 87ಎ ಬದಲು 87ಕ್ಕೆ ಜೋಡಿಸುವುದು ಸಾಮಾನ್ಯ ತಪ್ಪು, ಆಗ ದೀಪ ಎಂಜಿನ್ ಓಡಿದಾಗ ಮಾತ್ರ ಹೊತ್ತುತ್ತದೆ. ಡಿ+ ಔಟ್‌ಪುಟ್ ಎಷ್ಟು ಹೊರೆ ತಾಳುತ್ತದೆ ಎಂಬುದನ್ನು ಗಾಡಿಯ ವಿದ್ಯುತ್ ಪೆಟ್ಟಿಗೆಯ ಕೈಪಿಡಿಯಲ್ಲಿ ನೋಡಿ. ಡಯೋಡ್ ಒಳಗೇ ಇರುವ ರಿಲೇ ಕೊಳ್ಳಿ, ಆಗ 86 ಮತ್ತು 85 ಅದಲುಬದಲಾಗಬಾರದು.

ಇನ್ನು ಸೀಲಂಟ್. ಬಾತ್‌ರೂಮಿನ ಸಿಲಿಕೋನ್ ಮಾತ್ರ ಬೇಡ. ವಿನೆಗರ್ ವಾಸನೆಯದು ಲೋಹವನ್ನು ತಿನ್ನುತ್ತದೆ, ಅಷ್ಟೇ ಅಲ್ಲ, ಸಿಲಿಕೋನ್ ತಾಗಿದ ಮೈಗೆ ಆಮೇಲೆ ಬೇರೆ ಯಾವುದೂ, ಬಣ್ಣವೂ ಸೇರಿ, ಹಿಡಿಯುವುದಿಲ್ಲ. ಸಿಕಾಫ್ಲೆಕ್ಸ್-512ರಂಥ ಕ್ಯಾರವಾನ್ ಸೀಲಂಟ್ ತನ್ನಿ. ದೀಪದ ಬುಡ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್ ಆಗಿದ್ದರೆ ಡಬ್ಬಿಯ ಮೇಲಿನ ಎಚ್ಚರಿಕೆ ಓದಿ: ಕೆಲವು ಪಾಲಿಯುರೆಥೇನ್‌ಗಳು ಅವನ್ನು ಕೂದಲೆಳೆಯಂತೆ ಬಿರುಕು ಬಿಡಿಸುತ್ತವೆ. ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಒಣಗಲು ಬಿಡಿ. 5 ಡಿಗ್ರಿಗಿಂತ ಚಳಿಯಿದ್ದರೆ ಆ ದಿನ ಕೆಲಸ ಬೇಡ. ಕೊಳವೆಯ ಸುತ್ತ ಮತ್ತು ಒಳಗೆ ಸೀಲಂಟ್ ತುಂಬಿ; ದೀಪದ ಬುಡಕ್ಕೆ ಮೇಲೆ ಮತ್ತು ಎರಡು ಬದಿಗೆ ಎಳೆದು ಕೆಳಅಂಚನ್ನು ತೆರೆದೇ ಬಿಡಿ. ಹಿಂದೆ ಸೇರಿದ ತೇವ ಹೊರಬರಲು ಅದೇ ದಾರಿ. ಸ್ಕ್ರೂ ಸ್ಟೇನ್‌ಲೆಸ್‌ನದು, ಉದ್ದ 16 ಮಿ.ಮೀ. ದಾಟದಿರಲಿ, ಪ್ರತಿಯೊಂದನ್ನೂ ಸೀಲಂಟಿನಲ್ಲಿ ಅದ್ದಿ ತಿರುಗಿಸಿ. ಹಾಗೆ ಮಾಡದಿದ್ದರೆ ಸ್ಟೇನ್‌ಲೆಸ್ ಮತ್ತು ಅಲ್ಯುಮಿನಿಯಂ ಮಳೆನೀರಲ್ಲಿ ಕೂಡಿ ಅಲ್ಯುಮಿನಿಯಂ ಬಿಳಿಪುಡಿಯಾಗುತ್ತದೆ. ಒಮ್ಮೆಲೇ ಬಿಗಿಯಬೇಡಿ. ಪೂರ್ತಿ ಬಿಗಿದರೆ ಸೀಲಂಟೆಲ್ಲ ಹೊರಗೆ ಹಿಂಡಿ ಹೋಗುತ್ತದೆ, ಅಡಿಯಲ್ಲಿ 1 ಮಿ.ಮೀ. ಪದರವಾದರೂ ಉಳಿಯಬೇಕು.

ಕನಿಷ್ಠ ಒಂದು ಹಗಲು, ಒಂದು ರಾತ್ರಿ ಗಟ್ಟಿಯಾಗಲು ಬಿಟ್ಟು, ಪೈಪಿನ ನೀರನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಹತ್ತು ನಿಮಿಷ ಹಾಯಿಸಿ. ಒಳಗಿನ ಕಪಾಟಿನಲ್ಲಿ ಒಬ್ಬರು ಟಾರ್ಚ್ ಹಿಡಿದಿರಲಿ. ದೀಪ ಹಾಕಿ ಡಿಜಿಟಲ್ ರೇಡಿಯೊವನ್ನೂ ಒಮ್ಮೆ ನೋಡಿ. ನಿಲ್ದಾಣಗಳು ಮಾಯವಾದರೆ ದೋಷ ಎಲ್‌ಇಡಿಯ ಡ್ರೈವರಿನದು. ವೈರಿಗೆ ಫೆರೈಟ್ ಉಂಗುರ (ರೇಡಿಯೊ ಅಡಚಣೆ ತಗ್ಗಿಸುವಂಥದು) ಸಿಕ್ಕಿಸಿದರೂ ಹೋಗದಿದ್ದರೆ ದೀಪವನ್ನೇ ಬದಲಿಸಬೇಕಾಗುತ್ತದೆ. ತೇವ ಮೀಟರ್ ಇದ್ದವರು ತೂತಿನ ಸುತ್ತ ನಾಲ್ಕು ಕಡೆಯ ಅಂಕಿಗಳನ್ನು ಕೆಲಸಕ್ಕೆ ಮೊದಲೇ ಬರೆದಿಟ್ಟುಕೊಂಡು, ಮೊದಲ ದೊಡ್ಡ ಮಳೆಯ ನಂತರ ಅದೇ ಜಾಗಗಳಲ್ಲಿ ಮತ್ತೆ ಅಳೆಯಲಿ. ಶೇ 15ರೊಳಗಿದ್ದರೆ ಚಿಂತೆಯಿಲ್ಲ. 20 ದಾಟಿ ಏರುತ್ತಿದ್ದರೆ ಮೇಲಿಂದ ಇನ್ನಷ್ಟು ಸೀಲಂಟ್ ಬಳಿಯದೆ, ದೀಪವನ್ನು ಕಳಚಿ, ಒಣಗಿಸಿ, ಹೊಸದಾಗಿ ಕೂರಿಸಿ.