ಒಂದೇ ಹಣ್ಣು, ಎರಡು ಎಣ್ಣೆ: ಪಶ್ಚಿಮ ಆಫ್ರಿಕಾದ ತಾಳೆಮದ್ದಿನ ಹಿನ್ನೆಲೆ

ಎಣ್ಣೆ ತಾಳೆಯ ಹಣ್ಣಿನಲ್ಲಿ ಎರಡು ಬಗೆಯ ಎಣ್ಣೆಯಿದೆ. ಹೊರಗಿನ ತಿರುಳನ್ನು ಬೇಯಿಸಿ ಕುಟ್ಟಿದರೆ ಕೆಂಪೆಣ್ಣೆ. ಒಳಗಿನ ಚಿಪ್ಪು ಒಡೆದು, ಬೀಜವನ್ನು ಕಪ್ಪಾಗುವವರೆಗೆ ಹುರಿದು ತೆಗೆದರೆ ಕಪ್ಪೆಣ್ಣೆ. ನೈಜೀರಿಯಾದ ಯೊರುಬಾ ಜನರಿಗೆ ಮೊದಲನೆಯದು ಎಪೊ, ಎರಡನೆಯದು ಆದಿನ್. ಅವರ ಎಶು ದೇವರಿಗೆ ಎಪೊ ಬಲು ಇಷ್ಟ. ಆದಿನ್ ಮಾತ್ರ ಹತ್ತಿರಕ್ಕೂ ತರುವಂತಿಲ್ಲ. (ಓಲೆಗರಿ ಕೊಡುತ್ತಿದ್ದ ನಮ್ಮ ತಾಳೆ ಬೇರೆ. ಕರ್ನಾಟಕದ ರೈತರು ಈಗ ಬೆಳೆಯುತ್ತಿರುವ ಎಣ್ಣೆ ತಾಳೆ ಆಫ್ರಿಕಾದಿಂದ ಹೊರಟ ಜಾತಿ.)

ಮದ್ದಾಗಿಯೂ ಎರಡಕ್ಕೂ ಬೇರೆ ಬೇರೆ ಕೆಲಸ. ವಿಷ ಹೊಟ್ಟೆಗೆ ಹೋಗಿದೆ ಎಂಬ ಅನುಮಾನ ಬಂದರೆ ಕುಡಿಸುವುದು ಕೆಂಪೆಣ್ಣೆ. ಗಿಡಮೂಲಿಕೆ ಅರೆದು ಲೇಪ ಕಟ್ಟುವುದಕ್ಕೂ ಅದೇ. ಕಪ್ಪೆಣ್ಣೆ ಕೂಸಿನ ಮೈಗೆ, ಒಣಗಿದ ಚರ್ಮಕ್ಕೆ, ಜ್ವರ ನೆತ್ತಿಗೇರಿ ಫಿಟ್ಸ್ ಬಂದಾಗ ಉಜ್ಜಲಿಕ್ಕೆ. ನಮ್ಮ ಬಾಣಂತಿ ಕೋಣೆಯಲ್ಲಿ ಹರಳೆಣ್ಣೆಗೆ ಇರುವ ಜಾಗ ಅಲ್ಲಿ ಇದಕ್ಕಿದೆ. ಬೇರು, ತೊಗಟೆಗಳನ್ನು ನೆನೆಸಿಡಲು ತಾಳೆಯ ಹೆಂಡ. ಗೊನೆಯ ಸಿಪ್ಪೆ ಸುಟ್ಟ ಬೂದಿ ಮತ್ತು ಎಣ್ಣೆ ಸೇರಿಸಿ ಕುದಿಸಿದರೆ ಕಜ್ಜಿ, ಮೊಡವೆಗೆ ಹಚ್ಚುವ ಕಪ್ಪು ಸಾಬೂನು.

ಇದರ ಹಿಂದೊಂದು ಮನೆಯೊಳಗಿನ ಲೆಕ್ಕಾಚಾರವೂ ಇತ್ತು. ನೈಜೀರಿಯಾದ ಇನ್ನೊಂದು ಜನಾಂಗವಾದ ಇಗ್ಬೋಗಳ ಊರುಗಳಲ್ಲಿ ಗೊನೆ ಕಡಿಯುವವರು ಗಂಡಸರು, ಕೆಂಪೆಣ್ಣೆಯ ದುಡ್ಡೂ ಬಹುಪಾಲು ಅವರದೇ. ಬೀಜ ಹೆಂಗಸರ ಪಾಲು. ಕಲ್ಲಿನ ಮೇಲಿಟ್ಟು ಒಂದೊಂದೇ ಚಿಪ್ಪು ಒಡೆಯುತ್ತ ಕೂರುವ ಬೇಸರದ ಕೆಲಸವೂ ಅವರದೇ. ಕೂಸಿನ ಮದ್ದು ಕಪ್ಪೆಣ್ಣೆಯೇ ಆದದ್ದಕ್ಕೆ ಇದೂ ಒಂದು ಕಾರಣ ಇರಬೇಕೆಂದು ನನಗನ್ನಿಸುತ್ತದೆ.

15ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದ ವೆನಿಸ್‌ನ ನಾವಿಕ ಕಾದಮೊಸ್ತೊ, ಅಲ್ಲಿಯ ಊಟದಲ್ಲಿ ಕೇಸರಿಯಂತೆ ಬಣ್ಣ ಬಿಡುವ ಎಣ್ಣೆಯನ್ನು ಕಂಡು ಬರೆದಿಟ್ಟ. ಆಮೇಲೆ ಬಂದ ಗುಲಾಮರ ವ್ಯಾಪಾರಿಗಳು ಅದೇ ಎಣ್ಣೆಗೆ ಹೇಸಿಗೆಯ ಉಪಯೋಗವೊಂದನ್ನು ಕಂಡುಕೊಂಡರು: ಹಡಗಿನಲ್ಲಿ ಸೊರಗಿದವರನ್ನು ಹರಾಜಿಗೆ ನಿಲ್ಲಿಸುವ ಮುಂಚೆ ಮೈ ಹೊಳೆಯಲೆಂದು ಬಳಿದರು. ಹಾಗೆ ಅಟ್ಲಾಂಟಿಕ್ ದಾಟಿದವರೊಂದಿಗೆ ಮರವೂ ದಾಟಿತು. ಬ್ರೆಜಿಲ್‌ನ ಬಹಿಯಾದಲ್ಲಿ ದೆಂದೆ ಎಂಬ ಹೆಸರಿನಲ್ಲಿ ಅಡುಗೆಗೂ ಆಫ್ರಿಕಾ ಮೂಲದ ಕಾಂದೊಂಬ್ಲೆ ಧರ್ಮದ ಪೂಜೆಗೂ ಇಂದಿಗೂ ಅದು ಬೇಕು. ಇಂಗ್ಲೆಂಡಿನ ಔಷಧದಂಗಡಿಗಳಲ್ಲೂ ಸ್ವಲ್ಪ ಕಾಲ ಉಳುಕಿಗೆ, ಒಡೆದ ಚರ್ಮಕ್ಕೆ ಹಚ್ಚುವ ಮುಲಾಮಾಗಿ ಮಾರಾಟವಾಯಿತು.

1807ರಲ್ಲಿ ಬ್ರಿಟನ್ ಗುಲಾಮರ ವ್ಯಾಪಾರ ನಿಷೇಧಿಸಿದ ಮೇಲೆ ಲಿವರ್‌ಪೂಲ್‌ನ ಹಡಗುಗಳು ಎಣ್ಣೆ ತುಂಬಿಕೊಳ್ಳತೊಡಗಿದವು. ಸಾಬೂನು, ಮೇಣದಬತ್ತಿ, ಯಂತ್ರದ ಕೀಲು: ಎಲ್ಲಕ್ಕೂ ತಾಳೆ. ಬೀಜಕ್ಕೂ ಗಿರಾಕಿ ಹುಟ್ಟಿದ. 1848ರಲ್ಲಿ ಜಾವಾದ ಬೊಗೋರ್ ಸಸ್ಯೋದ್ಯಾನಕ್ಕೆ ನಾಲ್ಕು ಸಸಿ ಬಂದವು. 20ನೇ ಶತಮಾನದಲ್ಲಿ ಸುಮಾತ್ರಾ, ಮಲಯಗಳಲ್ಲಿ ಭಾರೀ ತೋಟಗಳೆದ್ದವು. ಈ ಉದ್ಯಮಕ್ಕೆ ಕೆಂಪು ಬೇಡವಾಗಿತ್ತು. ಎಣ್ಣೆಯನ್ನು ಬಿಳಿಚಿಸಿ, ವಾಸನೆ ತೆಗೆದು, ನೀರಿನಂತೆ ಮಾಡಿದರು. ಆ ಕೆಂಪೇ ಕ್ಯಾರೋಟಿನ್, ಮೈಯೊಳಗೆ ವಿಟಮಿನ್ ಎ ಆಗುವ ವಸ್ತು. ನಮ್ಮ ಅಂಗಡಿಯ ಪಾಮೋಲಿನ್ ಪ್ಯಾಕೆಟ್ಟಿನಲ್ಲಿ ಅದರ ಸುಳಿವೂ ಇರುವುದಿಲ್ಲ. 1990ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಶಾಲಾ ಮಕ್ಕಳಿಗೆ ಕೆಂಪು ತಾಳೆ ಎಣ್ಣೆಯ ತಿಂಡಿ ಕೊಟ್ಟು ಪರೀಕ್ಷಿಸಿದಾಗ, ಅವರ ಮೈಯಲ್ಲಿ ವಿಟಮಿನ್ ಎ ಮಟ್ಟ ಸುಧಾರಿಸಿತು.

ಹಾಗೆಂದು ಅಜ್ಜಿಮದ್ದೆಲ್ಲ ಸರಿ ಎನ್ನಲಾಗದು. ಮಗು ಸೀಮೆಎಣ್ಣೆ ಕುಡಿದರೆ ನೈಜೀರಿಯಾದ ಎಷ್ಟೋ ಮನೆಗಳಲ್ಲಿ ಮೊದಲು ಹುಡುಕುವುದು ಕೆಂಪೆಣ್ಣೆಯ ಶೀಶೆಯನ್ನೇ. ಕುಡಿಸಿದರೆ ವಾಂತಿ, ವಾಂತಿಯಲ್ಲಿ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಅಲ್ಲಿನ ಮಕ್ಕಳ ವೈದ್ಯರು ದಶಕಗಳಿಂದ ಇದನ್ನೇ ಬೇಡ ಬೇಡ ಎನ್ನುತ್ತಿದ್ದಾರೆ. ಫಿಟ್ಸ್ ಬಂದ ಮಗುವಿನ ಬಾಯಿಗೆ ಎಣ್ಣೆ ಸುರಿದರೂ ಅಪಾಯ ಅದೇ. ಮೈಗೆ ಹಚ್ಚುವುದು ಬೇರೆ, ಗಂಟಲಿಗೆ ಇಳಿಸುವುದು ಬೇರೆ.

ಈಚಿನ ತೊಂದರೆ ಬಂದಿರುವುದು ಸಂತೆಯಿಂದ. ಗಾಢ ಕೆಂಪಿದ್ದರೆ ಒಳ್ಳೆಯ ಎಣ್ಣೆ ಎಂಬ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ. 2015ರಲ್ಲಿ ಘಾನಾದ ಆಹಾರ ಮತ್ತು ಔಷಧ ಪ್ರಾಧಿಕಾರ ಮಾರುಕಟ್ಟೆಯ ಎಣ್ಣೆ ಪರೀಕ್ಷಿಸಿದಾಗ ಸಿಕ್ಕಿದ್ದು ಸುಡಾನ್-4. ಆಹಾರಕ್ಕೆ ಬೆರೆಸಲೇಬಾರದ ಕಾರ್ಖಾನೆ ಬಣ್ಣ ಅದು.