ಎರೆ ಮಣ್ಣಲ್ಲಿ ಓಡುವಾಗ ದಂಡೆ ಬಿಡಿ, ನೀರಿಗೆ ಇಳೀರಿ

"ದಂಡಿಗುಂಟ ಹೋಗಬ್ಯಾಡ್ರಿ ತಮ್ಮಾ, ನಡುವ ನೀರಾಗ ಹಾಯ್ದು ಹೋಗ್ರಿ."

ಲಿಂಗಸುಗೂರು ಕಡೆಯ ಒಂದು ಹೊಲದ ಬದುವಿನ ಮೇಲೆ ಕೂತಿದ್ದ ಮುತ್ಯಾ ಹೇಳಿದ ಮಾತಿದು. ಸೆಪ್ಟೆಂಬರ್ ತಿಂಗಳು. ನಮ್ಮ ಓಟದ ಬಳಗದ 8 ಕಿಲೋಮೀಟರ್ ಕ್ರಾಸ್ ಕಂಟ್ರಿ ಓಟ ನಡೆದಿತ್ತು, ಹಿಂದಿನ ರಾತ್ರಿ ಚೆನ್ನಾಗಿ ಮಳೆ ಬಿದ್ದಿತ್ತು. ಬಂಡಿ ಜಾಡಿನ ತುಂಬ ನೀರು. ನಾವೆಲ್ಲ ಬುದ್ಧಿವಂತರ ಹಾಗೆ ಅದರ ಪಕ್ಕದಲ್ಲಿ, ಬಿಸಿಲಿಗೆ ಅರ್ಧ ಒಣಗಿದ ಕಪ್ಪು ಎರೆ ಮಣ್ಣಿನ ಮೇಲೆ ಓಡುತ್ತಿದ್ದೆವು. ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಕಾಲು ಎತ್ತೋಕೇ ಆಗಲಿಲ್ಲ.

ಓಟ ಮುಗಿದ ಮೇಲೆ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಪೇಪರ್ ಹಾಸಿ ಒಂದು ಶೂ ಇಟ್ಟೆ. 840 ಗ್ರಾಂ ಬಂತು. ಖಾಲಿ ಶೂ ತೂಗಿದ್ದು 270 ಗ್ರಾಂ. ಅಂದರೆ ಒಂದೊಂದು ಕಾಲಿಗೂ ಅರ್ಧ ಕಿಲೋಗಿಂತ ಜಾಸ್ತಿ ಮಣ್ಣು. ಪ್ರತಿ ಶೂಗೆ 100 ಗ್ರಾಂ ತೂಕ ಸೇರಿಸಿದರೆ ಓಡೋಕೆ ಬೇಕಾದ ಆಮ್ಲಜನಕ ಹೆಚ್ಚುಕಮ್ಮಿ ಶೇ 1ರಷ್ಟು ಏರುತ್ತದೆ ಅಂತ ಪ್ರಯೋಗಗಳು ತೋರಿಸಿವೆ. ಆ ಲೆಕ್ಕದಲ್ಲಿ ಬರೀ ಅಂಟಿದ ಮಣ್ಣಿನ ಭಾರಕ್ಕೇ ಶೇ 5ರಿಂದ 6ರಷ್ಟು ಶಕ್ತಿ ಹೋಯಿತು. ಜಾರಿದ್ದು, ಹೂತಿದ್ದು ಎಲ್ಲ ಬೇರೆ.

ಎರೆ ಇಷ್ಟು ಅಂಟೋದು ಯಾಕೆ? ಅದರ ಜೇಡಿಯಲ್ಲಿ ಸ್ಮೆಕ್ಟೈಟ್ ಗುಂಪಿನ ಖನಿಜಗಳು ಜಾಸ್ತಿ. ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಪದರ ಪದರವಾಗಿ ಇರುತ್ತವೆ. ಒಂದು ಪದರದ ದಪ್ಪ ಸುಮಾರು 1 ನ್ಯಾನೋಮೀಟರ್. ಹತ್ತು ಲಕ್ಷ ಪದರ ಪೇರಿಸಿದರೆ ಒಂದು ಮಿಲಿಮೀಟರ್ ಆಗುತ್ತದೆ, ಅಷ್ಟೇ. ಈ ಪದರಗಳ ಸಂದಿಗೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಆ ನೀರು ಹೋದ ಮೇಲೆ ಅದೇ ಹೊಲ ಅರ್ಧ ಮೀಟರಿಗೂ ಆಳವಾಗಿ ಬಾಯಿ ಬಿಡುತ್ತದೆ. ಈ ಗುಂಪಿನ ಮಾಂಟ್‌ಮೊರಿಲೊನೈಟ್ ಒಂದು ಗ್ರಾಂ ತಗೊಂಡು ಅದರ ಪದರಗಳನ್ನೆಲ್ಲ ಬಿಡಿಸಿ ಎರಡೂ ಮುಖ ಅಳೆದರೆ 700–800 ಚದರ ಮೀಟರ್ ಆಗುತ್ತದೆ. ಅಂದರೆ ಐದಾರು ಕಬಡ್ಡಿ ಅಂಕಣ. ಅಷ್ಟು ಜಾಗದಲ್ಲೂ ನೀರು ಹಿಡಿದುಕೊಳ್ಳಬಹುದು! ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಹೆಚ್ಚಾಗಿ ಸಿಗುವ ಜೇಡಿ ಖನಿಜ ಕೆಯೊಲಿನೈಟ್‌ನ ಪದರಗಳು ಒಂದಕ್ಕೊಂದು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ, ಸಂದಿಗೆ ನೀರು ಹೋಗಲ್ಲ. ಅದಕ್ಕೇ ಮಳೆ ನಿಂತ ಸ್ವಲ್ಪ ಹೊತ್ತಿಗೇ ಮಸಾರಿಯಲ್ಲಿ ಆರಾಮಾಗಿ ಓಡಬಹುದು.

ಇನ್ನು ಮುತ್ಯಾನ ಮಾತು. ಮಣ್ಣು ತುಂಬಾ ಅಂಟೋದು ತುಂಬಾ ನೀರಿದ್ದಾಗ ಅಲ್ಲ. ಚಪಾತಿ ಹಿಟ್ಟು ಕಲಸುವಾಗ ನೋಡಿ. ಒಣ ಹಿಟ್ಟು ಕೈಯಿಂದ ಉದುರಿ ಹೋಗುತ್ತದೆ. ನೀರು ಸುರಿದು ತೆಳ್ಳಗೆ ಮಾಡಿದರೆ ಇಳಿದು ಹೋಗುತ್ತದೆ. ನಡುವೆ ಒಂದು ಹಂತ ಬರುತ್ತದೆ, ಬೆರಳ ಸಂದಿಗೆಲ್ಲ ಮೆತ್ತಿಕೊಂಡು ಬಿಡೋದೇ ಇಲ್ಲ, ಅಲ್ವಾ? ಮಣ್ಣಿನಲ್ಲೂ ಇಂಥ ಹಂತಗಳಿವೆ ಅಂತ 1911ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಆಟರ್‌ಬರ್ಗ್ ನೀರಿನ ಪ್ರಮಾಣ ಅಳೆದು ತೋರಿಸಿದರು. ಇವತ್ತಿಗೂ ರಸ್ತೆ, ಕಟ್ಟಡದ ಎಂಜಿನಿಯರುಗಳು ಅವರ ಹೆಸರಿನ ಅಳತೆಯನ್ನೇ ಬಳಸುತ್ತಾರೆ. ಅರ್ಧ ಒಣಗಿದ ಎರೆ ಶೂಗೂ ಗಟ್ಟಿಯಾಗಿ ಹಿಡಿಯುತ್ತದೆ, ತನ್ನೊಳಗೂ ಗಟ್ಟಿಯಾಗಿರುತ್ತದೆ. ಹಾಗಾಗಿ ಮೊದಲು ಅಂಟಿದ ಮಣ್ಣಿಗೆ ಮುಂದಿನ ಹೆಜ್ಜೆಯ ಮಣ್ಣು ಅಂಟುತ್ತಾ ಗಡ್ಡೆ ಬೆಳೆಯುತ್ತದೆ. ಜಾಡಿನ ನೀರಲ್ಲಿರುವ ಕೆಸರಿಗೆ ಒಳಗಿನ ಬಿಗಿ ಇಲ್ಲ. ತೆಳ್ಳಗೆ ಬಳಿದುಕೊಂಡು ಉಳಿದದ್ದು ಜಾರಿ ಬೀಳುತ್ತದೆ.

ನೀರಲ್ಲಿ ಬೇರೆ ಕಷ್ಟ ಇದೆ. ಕಾಲು ಹೂತುಕೊಂಡರೆ ಮೇಲೆ ಬರಲ್ಲ. ಪಾದದ ಕೆಳಗೆ ಗಾಳಿ ಹೋಗೋಕೆ ದಾರಿ ಇರಲ್ಲ, ಮೇಲಿನಿಂದ ವಾತಾವರಣ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತಿರುತ್ತದೆ. ನೇರ ಮೇಲಕ್ಕೆ ಜಗ್ಗಿದರೆ ಶೂ ಕೆಸರಲ್ಲೇ ಉಳಿಯುತ್ತದೆ. ಹಿಮ್ಮಡಿ ಮೊದಲು ಎತ್ತಿ, ಪಾದ ಓರೆ ಮಾಡಿ, ಸಂದಿಯಲ್ಲಿ ಗಾಳಿ ಅಥವಾ ನೀರು ಒಳಗೆ ಹೋಗೋಕೆ ಬಿಡಬೇಕು. ಅವತ್ತು ಅದೇ ಜಾಡಿನಲ್ಲಿ ಒಂದು ಎಮ್ಮೆ ಹೋಗುತ್ತಿತ್ತು, ನಾನು ನಿಂತು ಅದರ ಕಾಲನ್ನೇ ನೋಡಿದೆ. ಕಾಲು ಊರಿದಾಗ ಗೊರಸಿನ ಎರಡು ಹೋಳು ಅಗಲ ಆಗುತ್ತವೆ, ಎತ್ತುವಾಗ ಹತ್ತಿರ ಬರುತ್ತವೆ, ಪಕ್ಕದಲ್ಲಿ ಜಾಗ ಆಗಿ ಪುಳಕ್ ಅಂತ ಕಾಲು ಸಲೀಸಾಗಿ ಹೊರಗೆ ಬರುತ್ತದೆ. ಎಷ್ಟು ಚೆಂದದ ಕೆಲಸ ಅದು!

ಕೆಸರು ನಮ್ಮ ಕಾಲಿನ ಸ್ಪ್ರಿಂಗನ್ನೂ ತಿನ್ನುತ್ತದೆ. ಗಟ್ಟಿ ನೆಲದಲ್ಲಿ ಹಿಮ್ಮಡಿಯ ಮೇಲಿನ ದಪ್ಪ ನರ, ಅಂದರೆ ಅಕಿಲಿಸ್ ಸ್ನಾಯುರಜ್ಜು, ರಬ್ಬರಿನ ಹಾಗೆ ಹಿಗ್ಗಿ ಶಕ್ತಿಯನ್ನು ವಾಪಸ್ ಕೊಡುತ್ತದೆ. ಮೆತ್ತನೆಯ ನೆಲ ಆ ಶಕ್ತಿಯನ್ನು ತಾನು ತಗ್ಗೋಕೇ ಖರ್ಚು ಮಾಡಿಬಿಡುತ್ತದೆ. ಮರಳಿನ ಮೇಲೆ ಓಡಿಸಿ ಅಳೆದವರಿಗೆ ಗಟ್ಟಿ ನೆಲದ 1.6 ಪಟ್ಟು ಶಕ್ತಿ ಬೇಕಾಗಿದ್ದು ಕಂಡಿತ್ತು. ಅದಕ್ಕೇ ಕೆಸರಲ್ಲಿ ಗಡಿಯಾರ ನೋಡಬೇಡಿ. ಹೆಜ್ಜೆ ಸಣ್ಣದು ಮಾಡಿ, ಲೇಸ್ ಬಿಗಿ ಮಾಡಿ. ಶೂ ತಗೊಳ್ಳುವಾಗ ಟ್ರ್ಯಾಕ್ಟರ್ ಟೈರ್ ನೆನಪಿಸಿಕೊಳ್ಳಿ. ಹಲ್ಲು ಎತ್ತರ ಇರಬೇಕು, ನಡುವೆ ಅಗಲ ಜಾಗ ಇರಬೇಕು, ಇಲ್ಲದಿದ್ದರೆ ಮಣ್ಣು ಸಿಕ್ಕಿಕೊಂಡು ಅಡಿ ನುಣ್ಣಗಾಗುತ್ತದೆ.

ಮುಂದಿನ ಸಲ ಅಲ್ಲಿ ಓಡಿದಾಗ ನಾವು ನೀರಿಗೇ ಇಳಿದೆವು. ಮೊಣಕಾಲವರೆಗೆ ನೆನೆದರೂ ಕಾಲು ಹಗುರಾಗಿತ್ತು. ಮುತ್ಯಾ ಬದುವಿನ ಮೇಲಿಂದ ಕೈ ಎತ್ತಿ "ಹಾಂ, ಹಂಗ!" ಅಂದ.

ಮೊದಲ ಸಲ ತೂಗಿದ ಆ ಶೂವನ್ನು ತೊಳೆಯದೆ ಹಿತ್ತಲಲ್ಲಿ ಇಟ್ಟಿದ್ದೆ. ನಾಲ್ಕನೇ ದಿನ ಹೋಗಿ ನೋಡಿದರೆ ಮಣ್ಣು ಒಣಗಿ, ಕುಗ್ಗಿ, ತಾನಾಗೇ ಬಿಟ್ಟುಕೊಂಡು ಕೆಳಗೆ ಬಿದ್ದಿತ್ತು. ಒಂದೊಂದು ಹೆಂಟೆಯ ಮೇಲೂ ಶೂ ಹಲ್ಲಿನ ಅಚ್ಚು ಹಾಗೇ ಇತ್ತು.