ಪದ ಪರಿಚಯ: ಸಮಾಧಾನ

ಕಾಸರಗೋಡು ಕಡೆ ಎಲ್ಲಿ ಹೊಡೆದಾಟವಾದರೂ ಮರುದಿನ ಸಮಾಧಾನ ಸಭೆ ಕರೆಯುವುದು ವಾಡಿಕೆ. ಸಭೆಯಲ್ಲಿ ಯಾರಾದರೊಬ್ಬರು ಎದ್ದು ‘ಸಮಾಧಾನಪಡಿಸುವವರು ಧನ್ಯರು’ ಎಂಬ, ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿರುವ (5:9) ಯೇಸುವಿನ ಮಾತನ್ನು ಎತ್ತುತ್ತಾರೆ. ‘ಆದದ್ದಾಯಿತು, ಇನ್ನು ಸುಮ್ಮನಿರಿ’ ಎಂಬುದಷ್ಟೇ ಅವರು ಅದಕ್ಕೆ ಕೊಡುವ ಅರ್ಥ. ಕೇಳಿ ಕೇಳಿ ಸಾಕಾಗಿದೆ. ಅಳುವ ಮಗುವನ್ನು ಸಂತೈಸುವವರ ಬಗ್ಗೆ ಹೇಳಿದ ಮಾತಲ್ಲ ಅದು. ಗ್ರೀಕ್ ಮೂಲದಲ್ಲಿರುವುದು ಸಮಾಧಾನವನ್ನು ಉಂಟುಮಾಡುವವರು ಎಂದು. ನಮ್ಮ ನೆರೆಮನೆಯವರ ಮಲಯಾಳ ಬೈಬಲಿನಲ್ಲಿ ‘ಸಮಾಧಾನಂ ಉಂಡಾಕ್ಕುನ್ನವರ್’ ಎಂದೇ ಇದೆ. ಅಲ್ಲಿ ಗೊಂದಲಕ್ಕೆ ಎಡೆಯಿಲ್ಲ.

ಈ ಅರ್ಥಕ್ಕೆ ನಮ್ಮಲ್ಲಿ ಎರಡು ಪದಗಳಿವೆ. ‘ಶಾಂತಿ’ಯ ಧಾತು ‘ಶಮ್’, ತಣಿಯುವುದು, ಅಡಗುವುದು. ‘ಸಮಾಧಾನ’ವಾದರೆ ಸಮ್-ಆ-ಧಾನ, ಬಿಡಿಬಿಡಿಯಾದದ್ದನ್ನು ಒಟ್ಟಿಗೆ ತಂದಿರಿಸುವುದು. ಬೈಬಲಿನ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನ ‘ಶಾಲೋಮ್’ಗೆ ಸತ್ಯವೇದ, ಅಂದರೆ ಕನ್ನಡ ಬೈಬಲ್, ಈ ಎರಡನೆಯದನ್ನು ಆರಿಸಿಕೊಂಡದ್ದು ಬಹಳ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶಾಲೋಮಿನ ಧಾತುವಿಗೆ ಊನವಿಲ್ಲದೆ ಪೂರ್ತಿಯಾಗಿರುವುದು ಎಂದರ್ಥ. ಅದರಿಂದಲೇ ಬಂದ ‘ಶಿಲ್ಲೇಮ್’ ಎಂಬ ಕ್ರಿಯಾಪದಕ್ಕೆ ಬಾಕಿ ತೀರಿಸುವುದು, ನಷ್ಟ ತುಂಬಿಕೊಡುವುದು ಎಂಬ ಅರ್ಥವಿದೆ. ಹಾಯುವ ಎತ್ತೆಂದು ಗೊತ್ತಿದ್ದೂ ಕಟ್ಟಿಹಾಕದೆ ಬಿಟ್ಟು, ಅದು ಪಕ್ಕದವನ ಎತ್ತನ್ನು ಕೊಂದರೆ, ಎತ್ತಿಗೆ ಎತ್ತು ಕೊಡಬೇಕೆಂದು ವಿಮೋಚನಕಾಂಡ (21:36) ವಿಧಿಸುವುದು ಇದೇ ಕ್ರಿಯಾಪದದಿಂದ. ಸುಟ್ಟ ಅಂಗಡಿಗೆ ಪರಿಹಾರವಿಲ್ಲ, ಕೈಕುಲುಕುವ ಫೋಟೊ ಮಾತ್ರ ಇದೆ ಎಂದಾದರೆ ಅದು ಶಾಲೋಮ್ ಅಲ್ಲ. ಜನರ ಗಾಯಕ್ಕೆ ಮೇಲೆ ಮೇಲೆ ಮದ್ದು ಹಚ್ಚಿ, ಇಲ್ಲದ ಸಮಾಧಾನವನ್ನು ‘ಸಮಾಧಾನ, ಸಮಾಧಾನ’ ಎಂದು ಸಾರುವವರಿಗೆ ಪ್ರವಾದಿ ಯೆರೆಮೀಯ (6:14) ಛೀಮಾರಿ ಹಾಕಿದ್ದು ಇದಕ್ಕೇ.

ಹಾಗೆಂದು ಶಾಲೋಮ್ ಯುದ್ಧದ ನೇರ ವಿರುದ್ಧಪದವೂ ಅಲ್ಲ. ರಣರಂಗದಿಂದ ಬಂದ ತನ್ನ ಯೋಧ ಊರೀಯನನ್ನು ಅರಸ ದಾವೀದ ವಿಚಾರಿಸುತ್ತಾನೆ (2 ಸಮುವೇಲ 11:7): ಸೇನಾಪತಿ ಯೋವಾಬನ ಶಾಲೋಮ್ ಹೇಗಿದೆ, ಜನರ ಶಾಲೋಮ್ ಹೇಗಿದೆ, ಯುದ್ಧದ ಶಾಲೋಮ್ ಹೇಗಿದೆ? ಯುದ್ಧದ ಕ್ಷೇಮಸಮಾಚಾರ! ಹೀಗೆ ಕೇಳಿದ ಅರಸನೇ ಊರೀಯನನ್ನು ಸಾಯಿಸಲು ಬರೆದ ಪತ್ರವನ್ನು ಅವನ ಕೈಯಲ್ಲೇ ಕಳುಹಿಸುತ್ತಾನೆ. ಧರ್ಮೋಪದೇಶಕಾಂಡದ 20ನೆಯ ಅಧ್ಯಾಯದಲ್ಲಿ ಮುತ್ತಿಗೆಗೆ ಮೊದಲು ಪಟ್ಟಣಕ್ಕೆ ಶಾಲೋಮ್ ಸಾರಬೇಕೆಂದಿದೆ. ಒಪ್ಪಿ ಬಾಗಿಲು ತೆರೆದವರಿಗೆ ಸಿಗುವುದು ಬಿಟ್ಟಿ ಚಾಕರಿ. ಕತ್ತಿಗಳನ್ನು ಕುಲುಮೆಗೆ ಹಾಕಿ ನೇಗಿಲ ಗುಳ ಮಾಡುವ ಕಾಲವನ್ನು ಪ್ರವಾದಿ ಯೆಶಾಯ (2:4) ಕಂಡರೆ, ಗುಳಗಳನ್ನೇ ಕತ್ತಿ ಮಾಡಿರಿ ಎಂಬ ಕೂಗು ಇನ್ನೊಬ್ಬ ಪ್ರವಾದಿ ಯೋವೇಲನಲ್ಲಿದೆ (3:10). ಈ ಎಳೆದಾಟ ಗ್ರಂಥದ ಒಳಗಿನದೇ. ಒಂದು ವಾಕ್ಯವನ್ನು ಕಿತ್ತುಕೊಂಡು ಅದನ್ನು ಮುಚ್ಚಲು ಬರುವುದಿಲ್ಲ.

ಇನ್ನು, ಸಮಾಧಾನವನ್ನಲ್ಲ, ಖಡ್ಗವನ್ನು ತರಲು ಬಂದೆನೆಂಬ ಯೇಸುವಿನ ಮಾತನ್ನು (ಮತ್ತಾಯ 10:34) ಯುದ್ಧದ ಕರೆಯೆಂದು ಓದುವವರು ದಯವಿಟ್ಟು ಮುಂದಿನ ವಾಕ್ಯವನ್ನೂ ಓದಲಿ. ಅಲ್ಲಿರುವುದು ಸೈನ್ಯಗಳಲ್ಲ, ತಂದೆ-ಮಗ, ತಾಯಿ-ಮಗಳು, ಅತ್ತೆ-ಸೊಸೆ. ಇನ್ನೊಂದು ಸುವಾರ್ತೆ ಬರೆದ ಲೂಕ (12:51) ಇದೇ ಮಾತನ್ನು ದಾಖಲಿಸುವಾಗ ಖಡ್ಗದ ಜಾಗದಲ್ಲಿ ‘ಭೇದ’ ಎಂದೇ ಬರೆದಿದ್ದಾನೆ. ನಿಜವಾದ ಖಡ್ಗ ಹಿರಿದ ಶಿಷ್ಯನಿಗೆ ಯೇಸು ಹೇಳಿದ್ದು, ಅದನ್ನು ಒರೆಗೆ ಸೇರಿಸು ಎಂದು (ಮತ್ತಾಯ 26:52).